ಕ್ರಿಸ್ಟಲ್ ಇದ್ದರೂ ಫ್ರೀಕ್ವೆನ್ಸಿ ಜಾರುತ್ತದೆ: ಒಂದು ಸ್ಪಷ್ಟನೆ

“ಕ್ರಿಸ್ಟಲ್ ಹಾಕಿದ ಮೇಲೆ ಕೆಪಾಸಿಟರ್ ಯಾವುದಾದರೂ ನಡೆಯುತ್ತೆ, ಫ್ರೀಕ್ವೆನ್ಸಿ ಅಲುಗಾಡಲ್ಲ” ಎಂಬ ಸಂದೇಶ ಮೈಸೂರು, ಮಂಡ್ಯದ ಹ್ಯಾಮ್ (ಹವ್ಯಾಸಿ ರೇಡಿಯೊ) ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ರೇಡಿಯೊ ಸಂಕೇತ ಹುಟ್ಟಿಸುವ ಸರ್ಕ್ಯೂಟ್ ಆಸಿಲೇಟರ್; ಅದರ ಫ್ರೀಕ್ವೆನ್ಸಿ ಹಿಡಿದಿಡುವ ಕ್ವಾರ್ಟ್ಜ್ ತುಣುಕು ಕ್ರಿಸ್ಟಲ್. ಕ್ರಿಸ್ಟಲ್‌ಗೆ ಕಾಣುವ ಲೋಡ್ ಕೆಪಾಸಿಟೆನ್ಸ್ (ಅದಕ್ಕೆ ಜೋಡಿಸಿದ ಕೆಪಾಸಿಟರ್‌ಗಳ ಒಟ್ಟು ಪರಿಣಾಮ) ಬದಲಾದರೆ ಫ್ರೀಕ್ವೆನ್ಸಿಯೂ ಸರಿಯುತ್ತದೆ. ಎಕ್ಸ್7ಆರ್ ಬಗೆಯ ಸೆರಾಮಿಕ್ ಕೆಪಾಸಿಟರ್‌ನ ಕೆಪಾಸಿಟೆನ್ಸ್ ಬಿಸಿ-ತಂಪಿಗೆ ಶೇ. 15ರವರೆಗೂ ವ್ಯತ್ಯಾಸವಾಗಬಹುದು. ಎನ್‌ಪಿಓ ಬಗೆಯ ಕೆಪಾಸಿಟರ್ ಹೆಚ್ಚುಕಮ್ಮಿ ಹಾಗೇ ನಿಲ್ಲುತ್ತದೆ, ಅದನ್ನೇ ಹಾಕಿ. 7 ಮೆಗಾಹರ್ಟ್ಸ್‌ನಲ್ಲಿ ಹತ್ತು ಲಕ್ಷಕ್ಕೆ 30 ಭಾಗ ಜಾರಿದರೂ 210 ಹರ್ಟ್ಸ್. ಮೋರ್ಸ್ ಸಂಕೇತ ಕೇಳುವವರಿಗೆ ಅದು ಸಣ್ಣದಲ್ಲ.

ಪರೀಕ್ಷಿಸುವುದು ಸುಲಭ. ರಿಸೀವರ್‌ನಲ್ಲಿ ಆಸಿಲೇಟರ್‌ನ ಸಿಳ್ಳೆ ಕೇಳುತ್ತಾ, ಬಿಸಿ ಸೋಲ್ಡರಿಂಗ್ ಐರನ್ನನ್ನು ಕೆಪಾಸಿಟರ್ ಹತ್ತಿರ ಹಿಡಿಯಿರಿ. ಸ್ವರ ಮೆಲ್ಲಗೆ ಜಾರಿದರೆ ಕೆಪಾಸಿಟರ್ ಬದಲಿಸಿ. ಫ್ರೀಕ್ವೆನ್ಸಿ ನಿಲ್ಲಲು ರೆಗ್ಯುಲೇಟೆಡ್ ಸಪ್ಲೈ (ವೋಲ್ಟೇಜ್ ಸ್ಥಿರವಾಗಿಡುವಂಥದ್ದು), ಮುಂದಿನ ಹಂತದ ಪ್ರಭಾವ ಆಸಿಲೇಟರ್‌ಗೆ ತಟ್ಟದಂತೆ ತಡೆಯುವ ಬಫರ್ ಹಂತವೂ ಬೇಕೇ ಬೇಕು.

ಹೊಸದಾಗಿ ಕಟ್ಟುವವರು ದಾರಿ ತಪ್ಪುತ್ತಾರೆ, ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.