ಕಡಲ ದಾರಿಗೆ ಕಿಲೋಮೀಟರಿನ ಲೆಕ್ಕ ಸಾಲದು

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ, ಮನೆಮಂದಿಯನ್ನೆಲ್ಲ ಕಾರಿಗೆ ಹತ್ತಿಸಿಕೊಂಡು ಕಡಲ ತೀರದ ಉದ್ದಕ್ಕೂ ಸುತ್ತಿ ಬರುವ ಮಾತು ಶುರುವಾಗುತ್ತದೆ. ಇಂಥ ಪ್ರವಾಸಗಳ ಯೋಜನೆ ಸಾಮಾನ್ಯವಾಗಿ ಒಂದೇ ರೀತಿಯಲ್ಲಿ ನಡೆಯುತ್ತದೆ. ಯಾರೋ ಒಬ್ಬರು ಮೊಬೈಲಿನಲ್ಲಿ ನಕ್ಷೆ ತೆರೆದು, ಇಲ್ಲಿಂದ ಅಲ್ಲಿಗೆ ಇಷ್ಟು ಕಿಲೋಮೀಟರ್, ಇಷ್ಟು ತಾಸು ಎಂದು ಕೂಡಿಸಿ, ಬಂದ ಮೊತ್ತವನ್ನು ರಜೆಯ ದಿನಗಳಿಗೆ ಭಾಗಿಸುತ್ತಾರೆ. ಒಳನಾಡಿನ ನೇರ ಹೆದ್ದಾರಿಗೆ ಈ ಲೆಕ್ಕ ಧಾರಾಳವಾಗಿ ಸಾಕು. ಕಡಲ ದಾರಿಗೆ ಮಾತ್ರ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಜಾಗ ಎಷ್ಟು ದೂರದಲ್ಲಿದೆ ಎಂದು ಕೇಳುವ ಮೊದಲು, ಅಲ್ಲಿಗೆ ಯಾವ ಹೊತ್ತಿನಲ್ಲಿ ತಲುಪುತ್ತೇವೆ ಎಂದು ಕೇಳಿಕೊಳ್ಳಬೇಕು. ನೀರು, ಗಾಳಿ, ಬಿಸಿಲು, ಜನಸಂದಣಿ ಎಲ್ಲವೂ ಅಲ್ಲಿ ಗಡಿಯಾರದ ಪ್ರಕಾರ ಬದಲಾಗುತ್ತವೆ.

ದೂರವೆಂಬುದೇ ತೀರದಲ್ಲಿ ಕೈಗೆ ಸಿಗದ ಸಂಗತಿ. ಅಳೆಯುವ ಕೋಲು ಚಿಕ್ಕದಾದಷ್ಟೂ ಕಡಲ ತೀರದ ಉದ್ದ ಬೆಳೆಯುತ್ತಲೇ ಹೋಗುತ್ತದೆ ಎಂಬ ವಿಚಾರವನ್ನು ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ತೀರವನ್ನೇ ಉದಾಹರಣೆಯಾಗಿಟ್ಟುಕೊಂಡು ಚರ್ಚಿಸಿದ್ದರು. ಗಣಿತ ನಮಗೆ ಬೇಡದಿದ್ದರೂ ಅದರ ಪರಿಣಾಮವನ್ನು ಸ್ಟೀರಿಂಗ್ ಹಿಡಿದವರು ಅನುಭವಿಸಿಯೇ ತೀರುತ್ತಾರೆ. ಎದುರಿನ ದಡ ಕಣ್ಣಿಗೆ ಕಾಣುತ್ತಿರುತ್ತದೆ, ಆದರೆ ನಡುವೆ ಅಳಿವೆಯಿರುತ್ತದೆ. ಸೇತುವೆ ಸಿಗುವ ತನಕ ರಸ್ತೆ ಒಳನಾಡಿಗೆ ಹೋಗಿ ಮತ್ತೆ ಹೊರಗೆ ಬರುತ್ತದೆ. ನಾರ್ವೆಯ ಫ್ಯೋರ್ಡ್‌ಗಳ (ಕಡಿದಾದ ಬೆಟ್ಟಗಳ ನಡುವೆ ಒಳನಾಡಿನವರೆಗೂ ಚಾಚಿದ ಕಡಲ ತೋಳುಗಳ) ಕಡೆ ಎಷ್ಟೋ ಜಾಗಗಳಲ್ಲಿ ಸೇತುವೆಯೂ ಇರುವುದಿಲ್ಲ, ಕಾರನ್ನು ಫೆರಿಗೆ ಹತ್ತಿಸಿಯೇ ದಾಟಬೇಕು. ಫೆರಿ ತಪ್ಪಿದರೆ ಮುಂದಿನದು ಬರುವವರೆಗೆ ದಡದಲ್ಲಿ ನಿಲ್ಲಬೇಕು. ಅದನ್ನು ಯಾವ ಕಿಲೋಮೀಟರಿನಲ್ಲಿ ಬರೆದುಕೊಳ್ಳುವುದು?

ಆಸ್ಟ್ರೇಲಿಯಾದ ಗ್ರೇಟ್ ಓಷನ್ ರೋಡ್ 243 ಕಿಲೋಮೀಟರ್ ಉದ್ದವಿದೆ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಿಂದ 1932ರವರೆಗೆ, ಮಡಿದ ತಮ್ಮ ಸಂಗಾತಿಗಳ ಸ್ಮಾರಕವಾಗಿ ಅದನ್ನು ಕಡಿದು ಮಾಡಿದರು. ಬಂಡೆಯ ಮೈಗೆ ಅಂಟಿಕೊಂಡು ಸಾಗುವ ಆ ರಸ್ತೆಯ ತಿರುವುಗಳಲ್ಲಿ ಹೆದ್ದಾರಿಯ ವೇಗ ಸಿಗುವುದಿಲ್ಲ. ಸಂಖ್ಯೆಯನ್ನಷ್ಟೇ ನೋಡಿದವರು ಒಂದೇ ದಿನದಲ್ಲಿ ಹೋಗಿ ಬರುವ ಯೋಜನೆ ಹಾಕುತ್ತಾರೆ. ನಕ್ಷೆ ಮೂರು ತಾಸು ಎಂದರೆ, ಮಕ್ಕಳು ಮತ್ತು ಹಿರಿಯರು ಜೊತೆಗಿರುವಾಗ ನಾನು ಆರು ತಾಸು ಎಂದೇ ಬರೆದುಕೊಳ್ಳುತ್ತೇನೆ. ತೀರದ ರಸ್ತೆಯಲ್ಲಿ ನಿಲ್ಲುವುದೇ ಕಾರ್ಯಕ್ರಮ. ಓಡುವುದು ನಿಲುಗಡೆಗಳ ನಡುವಿನ ಕೆಲಸ.

ಇನ್ನು ಉಬ್ಬರವಿಳಿತಕ್ಕೆ ಬರುತ್ತೇನೆ, ಏಕೆಂದರೆ ಕುಟುಂಬಗಳ ಯೋಜನೆಯಲ್ಲಿ ಅತ್ಯಂತ ಕಡೆಗಣಿಸಲ್ಪಡುವ ವಿಷಯ ಇದೇ. ಪ್ರಪಂಚದ ಬಹುಪಾಲು ತೀರಗಳಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ತಾಸು 25 ನಿಮಿಷ ಹಿಡಿಯುವುದರಿಂದ ಇಂದಿನ ಸಮಯ ನಾಳೆಗೆ ಸರಿಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಕೆಯೂ ಹೆಚ್ಚು, ಇಳಿಕೆಯೂ ಹೆಚ್ಚು. ಎಲ್ಲ ಕಡೆ ಇದರ ಪ್ರಮಾಣ ಒಂದೇ ಅಲ್ಲ. ಮೆಡಿಟರೇನಿಯನ್ ತೀರದ ಬಹುಭಾಗದಲ್ಲಿ ಈ ವ್ಯತ್ಯಾಸ ಗಮನಕ್ಕೂ ಬಾರದಷ್ಟು ಸಣ್ಣದು. ಕೆನಡಾದ ಫಂಡಿ ಕೊಲ್ಲಿಯಲ್ಲಿ ಅದು 16 ಮೀಟರಿನವರೆಗೂ ಹೋಗುತ್ತದೆ. ಆದ್ದರಿಂದ ಹೋಗುವ ತೀರ ಯಾವ ಜಾತಿಯದು ಎಂಬುದನ್ನು ವಸತಿ ಕಾಯ್ದಿರಿಸುವ ಮೊದಲೇ ತಿಳಿದುಕೊಳ್ಳಬೇಕು. ಇಳಿತದ ಹೊತ್ತಿನಲ್ಲಿ ಮಕ್ಕಳು ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿಗಳನ್ನು ಹುಡುಕುತ್ತ ಅರ್ಧ ದಿನ ಕಳೆಯಬಹುದಾದ ಜಾಗ, ಉಬ್ಬರದ ಹೊತ್ತಿನಲ್ಲಿ ತಡೆಗೋಡೆಗೆ ಅಪ್ಪಳಿಸುವ ಬರಿಯ ನೀರಾಗಿರುತ್ತದೆ. ಚಿತ್ರ ನೋಡಿ ಮರುಳಾಗಿ ಬಂದವರು ‘ಬೀಚ್ ಎಲ್ಲಿದೆ?’ ಎಂದು ಕೇಳುತ್ತ ನಿಲ್ಲುತ್ತಾರೆ.

ಉಬ್ಬರವಿಳಿತದ ಪಟ್ಟಿಯನ್ನು ಓದುವಾಗ ಎರಡು ಸಂಗತಿ ನೆನಪಿಡಬೇಕು. ಮೊದಲನೆಯದು, ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಡುವ ದೇಶಗಳಲ್ಲಿ ಕೆಲವು ಪಟ್ಟಿಗಳು ಆ ತಾಸನ್ನು ಸೇರಿಸದೆಯೇ ಮುದ್ರಿತವಾಗಿರುತ್ತವೆ. ಪಟ್ಟಿಯ ತಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಸೂಚನೆಯನ್ನು ಓದದಿದ್ದರೆ ಇಡೀ ದಿನದ ಲೆಕ್ಕ ಒಂದು ತಾಸು ತಪ್ಪುತ್ತದೆ. ಎರಡನೆಯದು, ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಆರು ತಾಸುಗಳಲ್ಲಿ ಮೊದಲನೆಯದರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ ಮೂರು ಪಾಲು ಏರಿ, ಮತ್ತೆ ಎರಡು, ಒಂದು ಎಂದು ನಿಧಾನವಾಗುತ್ತದೆ ಎಂಬುದು ನಾವಿಕರು ಬಳಸುವ ಅಂದಾಜು. ಮೊದಲ ಒಂದೂವರೆ ತಾಸು ನೀರು ಅಷ್ಟೇನೂ ಬಂದಿಲ್ಲವಲ್ಲ ಎಂದು ಬಂಡೆಯಾಚೆಯ ಮರಳಿನಲ್ಲಿ ಹಾಯಾಗಿ ಕುಳಿತ ಕುಟುಂಬ, ಮರಳುವ ದಾರಿ ಮುಚ್ಚಿಹೋಗಿರುವುದನ್ನು ಕಾಣುವುದು ಆ ಮೂರನೆಯ ತಾಸಿನಲ್ಲಿ.

ರಸ್ತೆಯೇ ಮುಳುಗುವ ಜಾಗಗಳೂ ಇವೆ. ಇಂಗ್ಲೆಂಡಿನ ಈಶಾನ್ಯ ತೀರದಲ್ಲಿ ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗುವ ರಸ್ತೆ ದಿನಕ್ಕೆ ಎರಡು ಬಾರಿ ಕಡಲಡಿ ಸೇರುತ್ತದೆ. ಸುರಕ್ಷಿತವಾಗಿ ದಾಟುವ ಸಮಯವನ್ನು ಪ್ರಕಟಿಸಿದ್ದರೂ, ದಾರಿಯ ಆರಂಭದಲ್ಲಿ ಫಲಕ ಹಾಕಿದ್ದರೂ ‘ಇಷ್ಟು ಹೊತ್ತಿಗೆ ದಾಟಿಬಿಡಬಹುದು’ ಎಂದು ನುಗ್ಗಿದವರ ಕಾರುಗಳು ನೀರಿನಲ್ಲಿ ಸಿಕ್ಕಿಕೊಳ್ಳುತ್ತಲೇ ಇರುತ್ತವೆ. ಅಂಥವರು ಜೀವ ಉಳಿಸಿಕೊಳ್ಳಲೆಂದು ಕಂಬಗಳ ಮೇಲೆ ಒಂದು ಪುಟ್ಟ ಮರದ ಗೂಡನ್ನೇ ಕಟ್ಟಿಟ್ಟಿದ್ದಾರೆ. ಫ್ರಾನ್ಸಿನ ನುವಾರ್‌ಮೂಟಿಯೆ ದ್ವೀಪಕ್ಕೂ ಇಂಥದೇ ಒಂದು ದಾರಿಯಿದೆ, ನಾಲ್ಕು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ್ದು. ಅಲ್ಲಿ 1971ರಿಂದ ಸೇತುವೆಯೂ ಇದೆ. ಆದರೂ ಜನ ಆ ಹಳೆಯ ದಾರಿಯನ್ನೇ ಬಯಸಿ ಹೋಗುತ್ತಾರೆ, ಹೋಗಬೇಕಾದದ್ದೂ ಹೌದು. ಇಂಥ ದ್ವೀಪವೊಂದು ಯೋಜನೆಯಲ್ಲಿದ್ದರೆ ಆ ದಿನದ ಮಿಕ್ಕೆಲ್ಲ ಕಾರ್ಯಕ್ರಮ, ಊಟವೂ ಸೇರಿದಂತೆ, ಅದರ ಸಮಯಕ್ಕೆ ತಲೆಬಾಗಬೇಕು.

ಗಾಳಿಯ ವಿಷಯ ಇಷ್ಟು ಗಂಭೀರವಲ್ಲದಿದ್ದರೂ ದಿನದ ಸುಖ ಅದರ ಮೇಲೆಯೇ ನಿಂತಿದೆ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲಿನಿಂದ ತಂಪುಗಾಳಿ ನುಗ್ಗುತ್ತದೆ. ಮಧ್ಯಾಹ್ನದ ನಂತರ ಅದು ಬಲವಾಗಿ, ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಕದಡುತ್ತದೆ. ಹೀಗಾಗಿ ದೋಣಿ ಹತ್ತುವುದನ್ನು, ಮಕ್ಕಳನ್ನು ನೀರಿಗಿಳಿಸುವುದನ್ನು ಬೆಳಗಿಗೆ ಇಟ್ಟುಕೊಂಡು, ಪ್ರಯಾಣವನ್ನು ನಡುಹಗಲಿಗೆ ತಳ್ಳುವುದು ಜಾಣತನ. ನಮ್ಮಲ್ಲಿ ಹೆಚ್ಚಿನವರು ಇದಕ್ಕೆ ತದ್ವಿರುದ್ಧವಾಗಿ, ತಂಪು ಹೊತ್ತಿನಲ್ಲಿ ಕಾರು ಓಡಿಸಿ, ನೆತ್ತಿ ಸುಡುವ ಬಿಸಿಲಿಗೆ ಸರಿಯಾಗಿ ಮರಳಿನ ಮೇಲೆ ಇಳಿಯುತ್ತಾರೆ. ಮರಳು ನೇರಳಾತೀತ ಕಿರಣಗಳಲ್ಲಿ ಸುಮಾರು ಶೇಕಡಾ 15ರಷ್ಟನ್ನು ನಮ್ಮತ್ತಲೇ ತಿರುಗಿಸುತ್ತದೆ, ಕಡಲ ನೊರೆ ಸುಮಾರು ಶೇಕಡಾ 25ರಷ್ಟನ್ನು; ಕೊಡೆಯ ಕೆಳಗೆ ಕುಳಿತೂ ಚರ್ಮ ಕೆಂಪಾಗುವುದು ಹೀಗೆ. ತಣ್ಣನೆಯ ಪ್ರವಾಹ ಹರಿಯುವ ತೀರಗಳ ಕಥೆ ಬೇರೆಯೇ. ಕ್ಯಾಲಿಫೋರ್ನಿಯಾದ ಕಡಲಂಚಿನಲ್ಲಿ ನಡುಬೇಸಿಗೆಯಲ್ಲೂ ದಟ್ಟ ಮಂಜು ಕವಿಯುತ್ತದೆ. ಬೇಸಿಗೆಯೆಂದು ಬರಿಯ ಹತ್ತಿಯ ಬಟ್ಟೆ ತುಂಬಿಕೊಂಡು ಹೋದ ಸಂಸಾರ ಅಲ್ಲಿ ಚಳಿಯಲ್ಲಿ ನಡುಗುತ್ತ ಸ್ವೆಟರ್ ಹುಡುಕುತ್ತದೆ.

ಯಾವ ತುದಿಯಿಂದ ಆರಂಭಿಸಬೇಕು ಎಂಬುದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ರಸ್ತೆಯ ಎಡಬದಿಯಲ್ಲಿ ಓಡಿಸುವ ದೇಶದಲ್ಲಿ ಕಡಲು ಎಡಕ್ಕೆ ಬರುವಂತೆ, ಬಲಬದಿಯಲ್ಲಿ ಓಡಿಸುವ ದೇಶದಲ್ಲಿ ಬಲಕ್ಕೆ ಬರುವಂತೆ ಹೊರಟರೆ, ನೋಟದ ಜಾಗಗಳಲ್ಲಿ ಎದುರಿನ ವಾಹನಗಳನ್ನು ಅಡ್ಡಹಾಯದೆ ನೇರವಾಗಿ ಪಕ್ಕಕ್ಕೆ ಸರಿದು ನಿಲ್ಲಿಸಬಹುದು. ಕ್ಯಾಲಿಫೋರ್ನಿಯಾದ ಒಂದನೇ ಹೆದ್ದಾರಿಯನ್ನು ಉತ್ತರದಿಂದ ದಕ್ಷಿಣಕ್ಕೆ, ಗ್ರೇಟ್ ಓಷನ್ ರೋಡನ್ನು ಪೂರ್ವದಿಂದ ಪಶ್ಚಿಮಕ್ಕೆ ಹಿಡಿಯಿರಿ ಎಂದು ಬಲ್ಲವರು ಹೇಳುವುದು ಇದಕ್ಕಾಗಿಯೇ. ಪ್ರಪಾತ ಕಂಡರೆ ಎದೆ ಹೊಡೆದುಕೊಳ್ಳುವವರು ಮನೆಯಲ್ಲಿದ್ದರೆ ಇದೇ ಸಲಹೆಯನ್ನು ತಿರುವುಮುರುವು ಮಾಡಿಕೊಳ್ಳಬೇಕು. ಆಗ ಕಾರಿಗೂ ಪ್ರಪಾತಕ್ಕೂ ನಡುವೆ ಇನ್ನೊಂದು ಪಥವಾದರೂ ಇರುತ್ತದೆ.

ನೀರಿಗಿಳಿಯುವ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಅಲೆಗಳು ಸಾಲಾಗಿ ಬಂದು ಬಿಳಿಯಾಗಿ ಒಡೆಯುತ್ತಿರುವ ತೀರದಲ್ಲಿ, ನಡುವೆ ಒಂದು ಕಡೆ ಮಾತ್ರ ಅಲೆಯೊಡೆಯದೆ ನೀರು ಸ್ವಲ್ಪ ಕಪ್ಪಾಗಿ, ನಯವಾಗಿ ಕಾಣುತ್ತದೆ. ‘ಇಲ್ಲಿ ಅಲೆ ಕಡಿಮೆ, ಮಕ್ಕಳಿಗೆ ಒಳ್ಳೆಯದು’ ಎಂದು ತಂದೆತಾಯಿ ಆರಿಸುವುದು ಅದೇ ಜಾಗವನ್ನು. ದಡಕ್ಕೆ ಬಂದ ನೀರು ಮರಳಿ ಕಡಲಿಗೆ ರಭಸದಿಂದ ಹರಿಯುವ ಕಾಲುವೆ ಅದು. ಇಂಗ್ಲಿಷಿನಲ್ಲಿ ರಿಪ್ ಕರೆಂಟ್ ಎನ್ನುವ ಈ ಸೆಳೆತ ಕೆಲವೊಮ್ಮೆ ಸೆಕೆಂಡಿಗೆ ಎರಡು ಮೀಟರಿಗೂ ಹೆಚ್ಚಿನ ವೇಗ ಪಡೆಯುವುದುಂಟು. ನುರಿತ ಈಜುಗಾರರೂ ಅದರ ವಿರುದ್ಧ ದಡಕ್ಕೆ ಈಜಲಾರರು. ಸಿಕ್ಕಿಕೊಂಡವರು ಗಾಬರಿಯಾಗದೆ ತೇಲುತ್ತ, ಸಹಾಯಕ್ಕೆ ಕೈ ಎತ್ತಬೇಕು. ಸಾಧ್ಯವಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಇದನ್ನು ಮಕ್ಕಳಿಗೆ ಹೊರಡುವ ಮುನ್ನವೇ ಕಲಿಸಬಹುದು. ಜೀವರಕ್ಷಕರು ಇರುವ ತೀರವನ್ನು, ಅವರು ಇರುವ ಹೊತ್ತನ್ನು ಯೋಜನೆಯಲ್ಲಿ ಬರೆದುಕೊಳ್ಳುವುದು ಇನ್ನೂ ಒಳ್ಳೆಯದು. ನಿರ್ಜನ ತೀರದ ಮೋಹ ಎಲ್ಲರಿಗೂ ಇದೆ, ನನಗೂ ಇದೆ. ಅಲ್ಲಿ ನಡೆದಾಡೋಣ, ಈಜುವುದು ಬೇಡ.

ಕಾರಿನೊಳಗಿನ ವಿಚಾರಗಳು ಹೆಚ್ಚಿನವರಿಗೆ ಗೊತ್ತಿರುವಂಥವೇ. ಎರಡರಿಂದ ಹನ್ನೆರಡರ ನಡುವಿನ ಮಕ್ಕಳಿಗೆ ತಿರುವಿನ ದಾರಿಯಲ್ಲಿ ಹೊಟ್ಟೆ ತೊಳಸುವುದು ಹೆಚ್ಚು. ಅವರ ಕೈಗೆ ಮೊಬೈಲ್ ಕೊಟ್ಟು ತಲೆ ತಗ್ಗಿಸಿ ಕೂರಿಸುವುದು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 11 ಡಿಗ್ರಿ ಸೆಲ್ಸಿಯಸ್ ಶಾಖ ಏರಬಲ್ಲದು, ಮಕ್ಕಳ ಮೈ ದೊಡ್ಡವರದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಆದ್ದರಿಂದ ‘ಒಂದು ಫೋಟೊ ತೆಗೆದು ಬಂದೆ’ ಎಂದು ಮಲಗಿರುವ ಮಗುವನ್ನು ಒಳಗೆ ಬಿಟ್ಟು ಇಳಿಯಲೇಬಾರದು. ನನ್ನ ಸ್ವಂತ ಆಗ್ರಹ ಇನ್ನೊಂದಿದೆ: ಯೋಜನೆ ಹಾಕುವವರೂ ಓಡಿಸುವವರೂ ಒಬ್ಬರೇ ಆಗಬಾರದು. ಇಬ್ಬರೂ ಒಬ್ಬರೇ ಆದಾಗ, ಹಿಂದಿನ ಸೀಟಿನಿಂದ ‘ಇಲ್ಲಿ ಸ್ವಲ್ಪ ನಿಲ್ಲಿಸಪ್ಪ’ ಎಂದು ಅಜ್ಜಿ ಕೇಳುವ ಮಾತು ‘ಮುಂದೆ ಇನ್ನೂ ಚೆನ್ನಾಗಿದೆ ಅಮ್ಮ’ ಎಂಬ ಉತ್ತರದಲ್ಲಿ ಕಳೆದುಹೋಗುತ್ತದೆ.

ಕೊನೆಯದಾಗಿ ಜನಸಂದಣಿ ಮತ್ತು ಮುಚ್ಚಿದ ರಸ್ತೆಗಳು. ಫ್ರಾನ್ಸಿನಲ್ಲಿ ಬೇಸಿಗೆಯ ಶನಿವಾರಗಳಂದು ಕಡಲಿನತ್ತ ಹರಿಯುವ ವಾಹನಗಳ ದಟ್ಟಣೆಯನ್ನು ಸರ್ಕಾರಿ ಸಂಚಾರ ಮಾಹಿತಿ ಸೇವೆಯೇ ಹಸಿರು, ಕಿತ್ತಳೆ, ಕೆಂಪು, ಕಪ್ಪು ಎಂಬ ಬಣ್ಣಗಳಲ್ಲಿ ಮುಂಚಿತವಾಗಿ ತಿಳಿಸುತ್ತದೆ. ಇಟಲಿಯ ಅಮಾಲ್ಫಿ ತೀರದ ಕಿರಿದಾದ ರಸ್ತೆಯಲ್ಲಿ ಬೇಸಿಗೆಯ ದಟ್ಟಣೆಯ ದಿನಗಳಲ್ಲಿ ನೋಂದಣಿ ಫಲಕದ ಸಂಖ್ಯೆ ಸಮವೋ ಬೆಸವೋ ಎಂಬುದರ ಮೇಲೆ ಪ್ರವೇಶ ನಿರ್ಧಾರವಾಗುತ್ತದೆ. ಬಾಡಿಗೆ ಕಾರು ತೆಗೆದುಕೊಳ್ಳುವಾಗ ಇದನ್ನು ಕೇಳದವರು ಆ ದಿನ ವಸತಿಯಲ್ಲೇ ಕೂರಬೇಕಾದೀತು. ಕ್ಯಾಲಿಫೋರ್ನಿಯಾದ ಬಿಗ್ ಸರ್ ಬಳಿ 2017ರ ಮೇ ತಿಂಗಳಲ್ಲಿ ಗುಡ್ಡ ಕುಸಿದು ರಸ್ತೆಯನ್ನು ನುಂಗಿದಾಗ, ಅದು ಮತ್ತೆ ತೆರೆದದ್ದು 2018ರ ಜುಲೈನಲ್ಲಿ; ನಡುವಿನ ಇಡೀ ಒಂದು ಬೇಸಿಗೆ ಆ ದಾರಿ ತುಂಡಾಗಿತ್ತು. ಕಡಿದಾದ ತೀರದ ರಸ್ತೆಗಳಲ್ಲಿ ಇದು ಅಪರೂಪವೇನಲ್ಲ, ಆದ್ದರಿಂದ ಒಳನಾಡಿನ ಪರ್ಯಾಯ ದಾರಿ ಯಾವುದು, ಅದಕ್ಕೆ ಎಷ್ಟು ಹೊತ್ತು ಹೆಚ್ಚು ಬೇಕು ಎಂಬುದು ಮೊದಲೇ ಗೊತ್ತಿರಬೇಕು; ವಸತಿಗಳಲ್ಲಿ ಒಂದೆರಡನ್ನಾದರೂ ರದ್ದುಪಡಿಸುವ ಅವಕಾಶವಿಟ್ಟೇ ಕಾಯ್ದಿರಿಸಬೇಕು. ಖಾಲಿ ದಿನವೊಂದನ್ನು ಎಲ್ಲರೂ ಪ್ರವಾಸದ ಕೊನೆಗೆ ಇಡುತ್ತಾರೆ. ಅದನ್ನು ನಡುವಿಗೆ ತನ್ನಿ. ಕೊನೆಯಲ್ಲಿಟ್ಟ ದಿನ ಮನೆಗೆ ಮರಳುವ ಅವಸರದಲ್ಲಿ ಕರಗುತ್ತದೆ. ನಡುವಿನಲ್ಲಿದ್ದರೆ ರಸ್ತೆ ಮುಚ್ಚಿದಾಗಲೂ, ಮಗುವಿಗೆ ಜ್ವರ ಬಂದಾಗಲೂ, ಇಳಿತ ಮಧ್ಯಾಹ್ನಕ್ಕೆ ಜಾರಿದಾಗಲೂ ಮುಂದಿನ ವಸತಿಗಳ ತಾರೀಖು ಬದಲಿಸದೆಯೇ ಅದನ್ನು ಬಳಸಿಕೊಳ್ಳಬಹುದು.