ಹೇಗೆ ಗೊತ್ತಾಯಿತು ಅಂತ ಹೇಳಿ ಸ್ವಾಮಿ

ಈಗಷ್ಟೇ ಒಂದು ಆನ್‌ಲೈನ್ ಉಪನ್ಯಾಸ ಕೇಳಿ ಎದ್ದೆ. ತಲೆ ಕೆಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. ಕಡಲು, ಹವಾಮಾನ ಅಂದರೆ ನನಗೆ ಎಂಥ ಹುಚ್ಚು ಅಂತ ನಿಮಗೆ ಗೊತ್ತೇ ಇದೆ.

ಮಾತಾಡಿದವರು ಸಾಗರ ವಿಜ್ಞಾನಿ. ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೇಳಿದ್ದೆಲ್ಲ ಬರೀ ತೀರ್ಮಾನ. ಭೂಮಿಯಲ್ಲಿ ಜಾಸ್ತಿಯಾದ ಶಾಖದ ಶೇ. 90ರಷ್ಟು ಕಡಲಿಗೆ ಸೇರಿದೆ ಎಂದರು, ಮುಂದಿನ ಸ್ಲೈಡ್. ಕಡಲ ಮಟ್ಟ ಏರುತ್ತಿದೆ ಎಂದರು, ಮುಂದಿನ ಸ್ಲೈಡ್. ಗ್ರಾಫಿನ ಅಕ್ಷರಗಳೋ, ಇರುವೆ ಸಾಲು. ಅಲ್ಲ ಸ್ವಾಮಿ, ಕಡಲೊಳಗಿನ ಬಿಸಿ ನಿಮಗೆ ಹೇಗೆ ಗೊತ್ತಾಯಿತು? ಯಾರು ಇಳಿದು ನೋಡಿದರು?

ಕೊನೆಗೆ ಯಾರೋ ಪುಣ್ಯಾತ್ಮರು ಇದನ್ನೇ ಕೇಳಿದರು. ಆಗ ನೋಡಬೇಕಿತ್ತು ಆ ವಿಜ್ಞಾನಿಯ ಮುಖ! ಆರ್ಗೋ ಫ್ಲೋಟ್ ಎಂಬ, ಕಡಲಲ್ಲಿ ತೇಲುತ್ತಾ ಅಳೆಯುವ ಯಂತ್ರಗಳ ಕಥೆ ಶುರುವಾಯಿತು. ಪ್ರಪಂಚದ ಕಡಲುಗಳಲ್ಲಿ ಇಂಥವು ಸುಮಾರು 4,000 ಇವೆ. ನೋಡಲು ಒಂದು ಉದ್ದ ಕೊಳವೆ ಅಷ್ಟೇ. 1,000 ಮೀಟರ್ ಆಳದಲ್ಲಿ ನೀರು ಎಳೆದ ಕಡೆ ಹೋಗುತ್ತಿರುತ್ತದೆ. ಹತ್ತು ದಿನಕ್ಕೊಮ್ಮೆ 2,000 ಮೀಟರಿಗೆ ಇಳಿದು, ಒಳಗಿನ ಎಣ್ಣೆಯನ್ನು ಹೊರಗಿನ ಚೀಲಕ್ಕೆ ತಳ್ಳುತ್ತದೆ. ತೂಕ ಅಷ್ಟೇ, ಗಾತ್ರ ಮಾತ್ರ ಜಾಸ್ತಿ. ಹಾಗಾಗಿ ಮೇಲೇಳುತ್ತದೆ! ಬರುವ ದಾರಿಯುದ್ದಕ್ಕೂ ಬಿಸಿ, ಉಪ್ಪು, ಒತ್ತಡ ಅಳೆದು, ಉಪಗ್ರಹಕ್ಕೆ ಲೆಕ್ಕ ಒಪ್ಪಿಸಿ ಮತ್ತೆ ಮುಳುಗುತ್ತದೆ. ಆ ಲೆಕ್ಕವನ್ನು ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಲೆಕ್ಕ ಎಲ್ಲರಿಗೂ ತೆರೆದಿಟ್ಟು ಕಥೆಯನ್ನು ಬಚ್ಚಿಡುವುದು ಯಾವ ನ್ಯಾಯ?

"ಜನರಿಗೆ ಇಷ್ಟೆಲ್ಲ ಕೇಳುವ ತಾಳ್ಮೆ ಇಲ್ಲ" ಅನ್ನುತ್ತಾರೆ. ಸುಳ್ಳು. ಮೊಬೈಲ್ ಬಿಚ್ಚಿ ಜೋಡಿಸುವ ವಿಡಿಯೋವನ್ನು ಗಂಟೆಗಟ್ಟಲೆ ನೋಡುವ ಜನ ನಾವು. ನಮಗೆ ತಾಳ್ಮೆ ಇಲ್ಲದ್ದು "ಮಧ್ಯಮ ಮಟ್ಟದ ವಿಶ್ವಾಸದೊಂದಿಗೆ" ಅಂತ ಶುರುವಾಗುವ ವಾಕ್ಯಗಳಿಗೆ.

"ಹವಾಮಾನ ಯಾವಾಗಲೂ ಬದಲಾಗುತ್ತಲೇ ಇತ್ತು, ಇದರಲ್ಲಿ ಮನುಷ್ಯರದ್ದೇನು?" ಅಂತ ಒಬ್ಬರು ಕೇಳಿದರು. ಬಂದ ಉತ್ತರ: "ಎಲ್ಲ ವಿಜ್ಞಾನಿಗಳೂ ಒಪ್ಪಿದ್ದಾರೆ." ಮೈ ಉರಿಯಿತು. ಅವರು ಒಪ್ಪಿದ್ದು ಯಾಕೆ ಅಂತ ಹೇಳಬೇಕಲ್ವಾ? ಗಾಳಿಯಲ್ಲಿ ಕಾರ್ಬನ್-14 ಅಂತ ಇಂಗಾಲದ ಒಂದು ಬಗೆ ತುಸು ಇರುತ್ತದೆ, ಕಾಲ ಕಳೆದಂತೆ ಕರಗಿಹೋಗುತ್ತದೆ. ಕಲ್ಲಿದ್ದಲು, ಪೆಟ್ರೋಲು ಎಷ್ಟು ಹಳೆಯವು ಅಂದರೆ ಅವುಗಳಲ್ಲಿ ಅದು ಉಳಿದೇ ಇಲ್ಲ. ಅವನ್ನು ಸುಟ್ಟಷ್ಟೂ ಗಾಳಿಯಲ್ಲಿ ಅದರ ಪಾಲು ಇಳಿಯಬೇಕು. 1955ರಲ್ಲೇ ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿ ಹಳೆಯ ಮರ, ಹೊಸ ಮರ ಎರಡನ್ನೂ ಅಳೆದು, ಹೊಸದರಲ್ಲಿ ಅದು ಕಮ್ಮಿ ಇದೆ ಅಂತ ತೋರಿಸಿದ್ದರು. ಅಂದರೆ ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲಿನ ಇಂಗಾಲವೇ ಗಾಳಿಗೆ ಸೇರುತ್ತಿದೆ. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು?

ನಿಜ ಹೇಳಲಾ? ನನ್ನ ಸಿಟ್ಟಿನಲ್ಲಿ ಅರ್ಧ ಹೊಟ್ಟೆಕಿಚ್ಚು. ಇಂಥ ಕೆಲಸ ನನಗೆ ಸಿಕ್ಕಿದ್ದರೆ ಕಂಡಕಂಡವರನ್ನೆಲ್ಲ ಕೂರಿಸಿ ತಲೆ ತಿನ್ನುತ್ತಿದ್ದೆ. ಇವರು ಸುಮ್ನೆ ಸ್ಲೈಡ್ ತಿರುಗಿಸುತ್ತಾರೆ.

ಮುಂದೆ ಮಾತಾಡಲು ಬರುವವರು ಒಂದೇ ಒಂದು ಫ್ಲೋಟ್ ಆರಿಸಿಕೊಳ್ಳಿ. ಅದು ಹೋದ ದಾರಿ, ತಂದ ಲೆಕ್ಕ ತೋರಿಸಿ. ಉಳಿದದ್ದನ್ನು ನಾವೇ ಕೇಳುತ್ತೇವೆ, ಬೇಡ ಬೇಡ ಅಂದರೂ ಬಿಡುವುದಿಲ್ಲ.