ಸುಬೇದಾರರ ದುರ್ಬೀನು

“ನಿನ್ನ ಬುದ್ಧಿ ದುರ್ಬೀನು ಹಾಕಿ ಹುಡುಕಿದರೂ ಸಿಗಲಿಕ್ಕಿಲ್ಲ” ಎಂದು ಅಮ್ಮ ಆಗಾಗ ಹೇಳುವುದುಂಟು. ಅದಕ್ಕೆ ಪುರಾವೆ ಒದಗಿಸಿದ್ದೂ ಒಂದು ದುರ್ಬೀನೇ.

ಜಾತ್ರೆಯಲ್ಲಿ, ಬಳೆ ಅಂಗಡಿಗೂ ಚುರುಮುರಿ ಗಾಡಿಗೂ ನಡುವೆ ಅದು ಕೂತಿತ್ತು. ಪೆಟ್ಟಿಗೆಯ ಮೇಲೆ ಹೆಲ್ಮೆಟ್ ಹಾಕಿದ ಸೈನಿಕನ ಚಿತ್ರ. ಕೆಳಗೆ ದಪ್ಪಕ್ಷರದಲ್ಲಿ ‘ಮಿಲಿಟರಿ 20×50’. ಮುಂದಿನ ಎರಡು ಗಾಜುಗಳೂ ದಾಳಿಂಬೆ ಕಾಳಿನ ಹಾಗೆ ಕೆಂಪು. “ರಾತ್ರಿಯೂ ಕಾಣ್ತದೆ ಸಾರ್” ಎಂದ ಅಂಗಡಿಯವ. ನಂಬಿದೆ. ಎಷ್ಟು ಕೊಟ್ಟೆ ಅಂತ ಬರೆಯುವುದಿಲ್ಲ, ಇದನ್ನು ಅಮ್ಮ ಓದುತ್ತಾಳೆ.

ನಮ್ಮ ಮನೆ ಮಲ್ಪೆ ಕಡೆ. ತಾರಸಿ ಹತ್ತಿದರೆ ತೆಂಗಿನ ಮರಗಳ ಸಂದಿಯಲ್ಲಿ ಒಂದು ಪಟ್ಟಿಯಷ್ಟು ಸಮುದ್ರ ಕಾಣುತ್ತದೆ. ಮನೆಗೆ ಬಂದವನೇ ಮೇಲೆ ಓಡಿ ದುರ್ಬೀನು ಕಣ್ಣಿಗಿಟ್ಟೆ. ದೂರದ ವಸ್ತು ಇಪ್ಪತ್ತು ಪಟ್ಟು ಹತ್ತಿರ ಬಂದದ್ದು ನಿಜ. ಆದರೆ ಕೈಯ ನಡುಕವೂ ಇಪ್ಪತ್ತು ಪಟ್ಟಾಗುತ್ತದೆ ಅಂತ ಪೆಟ್ಟಿಗೆಯ ಮೇಲೆ ಯಾರೂ ಬರೆದಿರಲಿಲ್ಲ. ತಣ್ಣಗಿದ್ದ ಸಮುದ್ರದಲ್ಲಿ ಮೀನಿನ ಬೋಟೊಂದು ಯಕ್ಷಗಾನದ ಧೀಂಗಿಣ ಹಾಕುತ್ತಿತ್ತು. ಗರುಡ ಪಾಚಿ ಹಿಡಿದ ಹಾಗೆ ಕಂಡಿತು. ಆ ಕೆಂಪು ಲೇಪ ಕೆಂಪು ಬೆಳಕನ್ನೆಲ್ಲ ಬಾಗಿಲಲ್ಲೇ ವಾಪಸ್ ಕಳಿಸುತ್ತದೆ. ಒಳಗೆ ಬರುವುದು ಹಸಿರು ನೀಲಿ ಮಾತ್ರ. ಚೆಂದಕ್ಕೆ ಹಚ್ಚಿದ ಲಿಪ್‌ಸ್ಟಿಕ್ ಅದು, ಅಷ್ಟೇ. ಮೊದಲ ಮಳೆಗಾಲಕ್ಕೇ ಒಳಗೆ ಜೇಡರಬಲೆಯಂತೆ ಬೂಷ್ಟು ಹಬ್ಬಿತು. ಒಣಗಲಿ ಎಂದು ಕುಚ್ಚಲಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಮರುದಿನ ಅನ್ನಕ್ಕೆಂದು ಡಬ್ಬಕ್ಕೆ ಕೈ ಹಾಕಿದ ಅಮ್ಮ ಏನು ಹೇಳಿದಳು ಅನ್ನೋದು ಇಲ್ಲಿ ಬೇಡ.

ನಿಜವಾದ ಮಿಲಿಟರಿ ದುರ್ಬೀನು ಹೇಗಿರುತ್ತದೆ ಅಂತ ನನಗೆ ತೋರಿಸಿದವರು ಪಕ್ಕದ ಮನೆಯ ನಿವೃತ್ತ ಸುಬೇದಾರರು. ಸರ್ಕಾರ ಕೊಟ್ಟದ್ದನ್ನು ಸರ್ಕಾರಕ್ಕೇ ಒಪ್ಪಿಸಿ ಬಂದವರು. ಆಮೇಲೆ ಕೈ ಖಾಲಿ ಅನ್ನಿಸಿ, ಮುಂಬೈಯ ಚೋರ್ ಬಜಾರಿನಲ್ಲಿ ಸೋವಿಯತ್ ಕಾಲದ ಒಂದು 7×50 ಹುಡುಕಿ ತಂದರಂತೆ. ನೋಡಿದರೆ ನಿರಾಸೆಯಾಗಬೇಕು. ಬರೀ ಏಳು ಪಟ್ಟು! ಕಪ್ಪು ಬಣ್ಣ ಅಲ್ಲಲ್ಲಿ ಸವೆದು ಲೋಹ ಕಾಣುತ್ತದೆ. ತೂಕ ಕಿಲೋ ಹತ್ತಿರ. ಕುತ್ತಿಗೆಗೆ ಹಾಕಿದರೆ ತಲೆ ತಾನಾಗಿ ಬಾಗುತ್ತದೆ.

“ಏಳೇನಾ?” ಎಂದೆ.

“ಓಡಿ ಬಂದು, ಏದುಸಿರು ಬಿಡ್ತಾ ನೋಡುವವನಿಗೆ ಏಳೇ ಜಾಸ್ತಿ ಮಾರಾಯ” ಎಂದರು.

ಅಮೆರಿಕ ಸೈನ್ಯದ ಎಂ22 ಕೂಡ 7×50. ಹಡಗುಗಳಲ್ಲೂ ಇದೇ ಲೆಕ್ಕ ನಡೆದುಬಂದಿದೆ. ಏಳು ಎಂದರೆ ಎಷ್ಟು ಪಟ್ಟು ಹತ್ತಿರ, 50 ಎಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ನಮ್ಮ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ಲೆಕ್ಕ ಬೇಡದವರು ದುರ್ಬೀನನ್ನು ಮೊಳದೂರ ಹಿಡಿದು ಹಿಂದಿನ ಗಾಜನ್ನು ನೋಡಿದರೆ ಸಾಕು, ಬಿಲ್ಲೆ ಎದುರಿಗೇ ಕಾಣುತ್ತದೆ. ಸುಬೇದಾರರದ್ದರಲ್ಲಿ ಬಟಾಣಿಯಷ್ಟು, ಸುಮಾರು 7 ಮಿಮೀ. ನನ್ನ ಜಾತ್ರೆಯದ್ದರಲ್ಲಿ ದಪ್ಪ ಸಾಸಿವೆಯಷ್ಟು, 2.5 ಮಿಮೀ. ಆಮೇಲೆ ಬುದ್ಧಿ ಬಂದು ಹಕ್ಕಿ ನೋಡಲೆಂದು ಕೊಂಡ 8×42ರಲ್ಲಿ ತೊಗರಿಕಾಳಿನಷ್ಟು. ರಾತ್ರಿಯೂ ಕಾಣುವುದು ಬಟಾಣಿಗೆ, ಸಾಸಿವೆಗಲ್ಲ.

ಆದರೆ ಇದರಲ್ಲೂ ಒಂದು ತಮಾಷೆ ಇದೆ. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ 7 ಮಿಮೀ ತನಕ ಅರಳುತ್ತದೆ. ವಯಸ್ಸಾದಂತೆ ಐದಕ್ಕೋ ಅದಕ್ಕೂ ಕೆಳಗೋ ನಿಲ್ಲುತ್ತದೆ. ಎಪ್ಪತ್ತು ದಾಟಿದ ಸುಬೇದಾರರಿಗೆ ಆ ಬಟಾಣಿಯ ಅಂಚೆಲ್ಲ ಸುಮ್ನೆ ಪೋಲು. ಇದನ್ನು ಹೇಳಬಾರದಿತ್ತು, ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಉಳಿದ ಬೆಳಕು ನೀನೇ ಇಟ್ಕೋ” ಎಂದು ದುರ್ಬೀನನ್ನು ನನ್ನ ಕೈಗೆ ಕೊಟ್ಟರು.

ಕಣ್ಣಿಗಿಟ್ಟೆ. ಲೋಕಕ್ಕೆಲ್ಲ ತೆಳುವಾಗಿ ಅರಿಸಿನ ಹಚ್ಚಿದ ಹಾಗೆ ಹಳದಿ. ಆ ಕಾಲದ ಸೋವಿಯತ್ ಗಾಜಿನ ಗುಣವೇ ಅದು. ಆದರೆ ನೋಟ ಕಲ್ಲಿನಂತೆ ಸ್ಥಿರ. ಮಧ್ಯದಲ್ಲಿ ಸಣ್ಣ ಸಣ್ಣ ಗೆರೆಗಳು. ಗೀರು ಬಿದ್ದಿದೆ ಎಂದು ಒರೆಸಲು ಹೋದೆ.

“ಅದು ಮಿಲ್” ಎಂದರು. ಒಂದು ಸಾವಿರ ಮೀಟರ್ ದೂರದಲ್ಲಿ ಒಂದು ಮೀಟರಿನ ವಸ್ತು ಎಷ್ಟು ಜಾಗ ಹಿಡಿಯುತ್ತದೋ ಅಷ್ಟು ಒಂದು ಮಿಲ್. 20 ಮೀಟರ್ ಉದ್ದದ ಬೋಟು ಅಡ್ಡಲಾಗಿ 10 ಮಿಲ್ ಹಿಡಿದರೆ ಅದು 2 ಕಿಲೋಮೀಟರ್ ದೂರದಲ್ಲಿದೆ. ಸರಿಯಾಗಿ ಲೆಕ್ಕ ಹಾಕಿದರೆ ಒಂದು ಪೂರ್ತಿ ಸುತ್ತಿಗೆ ಇಂಥವು 6283 ಆಗಬೇಕು. ನೇಟೋದವರು 6400 ಎಂದು ಇಟ್ಟುಕೊಂಡರು, ಸೋವಿಯತ್‌ನವರು 6000. ಫಿರಂಗಿ ಹಾರಿಸುವವರೂ ನಮ್ಮ ದಿನಸಿ ಅಂಗಡಿಯವರ ಹಾಗೆ ಚಿಲ್ಲರೆ ಬಿಟ್ಟೇ ವ್ಯವಹಾರ ಮಾಡುತ್ತಾರೆ ಎಂದು ತಿಳಿದು ನನಗೆ ಯಾಕೋ ಸಮಾಧಾನವಾಯಿತು.

ಅಷ್ಟರಲ್ಲಿ ತಾರಸಿಯ ಪಕ್ಕದ ದಾಸವಾಳಕ್ಕೆ ಒಂದು ಸೂರಕ್ಕಿ ಬಂತು. ಮೂರು ಮೀಟರ್ ದೂರ ಇರಬಹುದು. ದುರ್ಬೀನು ತಿರುಗಿಸಿದೆ. ಬರೀ ಮಂಜು. ನಡುವಿನ ಚಕ್ರ ತಿರುಗಿಸೋಣ ಎಂದರೆ ಚಕ್ರವೇ ಇಲ್ಲ! ಎಡಗಣ್ಣಿಗೆ ಒಂದು, ಬಲಗಣ್ಣಿಗೆ ಒಂದು ಅಂತ ಬೇರೆ ಬೇರೆ ತಿರುಪು. ಒಮ್ಮೆ ಕೂರಿಸಿಬಿಟ್ಟರೆ ದೂರದ್ದೆಲ್ಲ ಸ್ಪಷ್ಟ, ಮತ್ತೆ ಮುಟ್ಟಬೇಕಾಗಿಲ್ಲ. “ಗುಂಡು ಬರುವಾಗ ಚಕ್ರ ತಿರುಗಿಸಲಿಕ್ಕೆ ಯಾರಿಗೆ ಪುರುಸೊತ್ತು?” ಎಂದರು ಸುಬೇದಾರರು. ನಿಜ, ಮೂರು ಮೀಟರ್ ಹತ್ತಿರಕ್ಕೆ ಬಂದ ಶತ್ರುವಿಗೆ ದುರ್ಬೀನು ಬೇಡ. ಆದರೆ ಸೂರಕ್ಕಿಗೆ ಬೇಕಲ್ವಾ? ಓಡಿಹೋಗಿ ನನ್ನ 8×42 ತಂದು ಅವರ ಕೈಗಿಟ್ಟೆ. ಬೆರಳಿನಿಂದ ಚಕ್ರವನ್ನು ಚೂರು ತಿರುಗಿಸಿದರು. ಆಮೇಲೆ ಮಾತಿಲ್ಲ. ಹಕ್ಕಿ ಕೊಕ್ಕು ಹೊರಗೆಳೆದಾಗ ಅದರ ಹಣೆಗೆ ಹಳದಿ ಪರಾಗ ಅಂಟಿತ್ತಂತೆ. ಕತ್ತಿನ ನೇರಳೆ ಹೊಳಪು ಬಿಸಿಲಿಗೆ ಬಂದರೆ ಬೆಂಕಿ, ನೆರಳಿಗೆ ಸರಿದರೆ ಕರಿ. ಅಷ್ಟನ್ನೂ ನನಗೆ ಕಾಮೆಂಟರಿ ಕೊಟ್ಟರು. ನಾನು ಹಳದಿ ಮಂಜು ಹಿಡಿದುಕೊಂಡು ನಿಂತಿದ್ದೆ.

ಹಾಗಂತ ಇವತ್ತಿನ ಮಿಲಿಟರಿ ಮಾಲು ಎದುರಿಗಿಟ್ಟರೆ ನಮ್ಮದು ತೀರಾ ಬಡವಾಗುವುದೂ ಇಲ್ಲ. ಒಳಗೆ ಆವಿ ಕಟ್ಟದಂತೆ ಸಾರಜನಕ ತುಂಬಿ ಮುಚ್ಚುವುದು, ಮೇಲೆ ರಬ್ಬರಿನ ಅಂಗಿ, ಎಲ್ಲ ನನ್ನ 8×42ಕ್ಕೂ ಬಂದಿದೆ. ನಮ್ಮ ಕರಾವಳಿಯ ಜೂನ್ ಜುಲೈ ದಾಟಲು ಅದಿಲ್ಲದೆ ಆಗುವುದೂ ಇಲ್ಲ. ಗಾಜಿಗೆ ಬೆಳಕು ತಾಗಿ ವಾಪಸ್ ಹಾರದಂತೆ ತಡೆಯುವ ಲೇಪವನ್ನು 1935ರಲ್ಲಿ ಕಂಡುಹಿಡಿದವನು ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ. ಆಗ ಜರ್ಮನ್ ಸೈನ್ಯದವರು ಅದನ್ನು ಗುಟ್ಟಾಗಿ ಇಟ್ಟಿದ್ದರು. ಈಗ ಉಡುಪಿಯ ಯಾವ ಕನ್ನಡಕದ ಅಂಗಡಿಗೆ ಹೋದರೂ “ಕೋಟಿಂಗ್ ಬೇಕಾ ಸಾರ್?” ಎನ್ನುತ್ತಾರೆ. ಎಂ22ರಲ್ಲಿ ಮಾತ್ರ ನಮಗೆ ಬೇಡದ ಒಂದು ಸೌಲಭ್ಯವಿದೆ. ಶತ್ರುವಿನ ಲೇಸರ್ ಕಣ್ಣು ಸುಡದಂತೆ ತಡೆಯುವ ಫಿಲ್ಟರ್. ಅದು ಲೇಸರಿನ ಜೊತೆ ಒಂದಿಷ್ಟು ಬಣ್ಣವನ್ನೂ ನುಂಗುತ್ತದೆ. ಮಣಿಪಾಲದ ಮಣ್ಣಪಳ್ಳ ಕೆರೆಯ ಮಿಂಚುಳ್ಳಿ ಯಾವತ್ತೂ ನನ್ನ ಮೇಲೆ ಲೇಸರ್ ಬಿಟ್ಟಿಲ್ಲ.

ಅವತ್ತು ಸುಬೇದಾರರು “ಎರಡು ದಿನಕ್ಕೆ” ಎಂದು ನನ್ನದನ್ನು ಒಯ್ದರು. ದಾಸವಾಳದ ಆಚೆ ಸೂರಕ್ಕಿ ಗೂಡು ಕಟ್ಟುತ್ತಿದೆಯಂತೆ. ಮೂರು ವಾರವಾಯಿತು. ಅವರ 7×50 ನಮ್ಮ ಮನೆಯಲ್ಲಿದೆ, ಆದರೆ ನನಗೆ ಸಿಗುವುದಿಲ್ಲ. ಆಗಸ್ಟ್ ಒಂದಕ್ಕೆ ಟ್ರಾಲ್ ಬೋಟಿನ ನಿಷೇಧ ಮುಗಿದು ಮೀನು ಬರತೊಡಗಿದ ಮೇಲೆ ಅಮ್ಮ ಅದನ್ನು ವಶಪಡಿಸಿಕೊಂಡಿದ್ದಾಳೆ. ಬೆಳಿಗ್ಗೆ ತಾರಸಿಯ ಮೂಲೆಯಲ್ಲಿ ಮೊಣಕೈ ಊರಿ ನಿಂತು, ರಸ್ತೆಯ ತಿರುವಿನತ್ತ ದೃಷ್ಟಿ. ಮೀನಿನ ಟೆಂಪೋದ ಹಾರ್ನ್ ನಮಗೆ ಕೇಳುವ ಮೊದಲೇ ಅವಳಿಗೆ ಸುದ್ದಿ.

“ಈ ಗಾಜಿಗೆ ಗೀರು ಬಿದ್ದಿದೆ, ಸುಬೇದಾರರಿಗೆ ಹೇಳು” ಎಂದಳು ನಿನ್ನೆ.

“ಗೀರಲ್ಲ ಅಮ್ಮ, ಮಿಲ್.”

“ಅಕ್ಕಿ ಮಿಲ್ಲಿಗೆ ಮಧ್ಯಾಹ್ನ ಹೋಗು. ಈಗ ಪಾತ್ರೆ ತಾ. ಬಂಗುಡೆ ಅಲ್ಲ, ಬೂತಾಯಿ.”